ಡ್ರೋನಣ್ಣನ ರೇಟು

ಡ್ರೋನಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಆ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಿಂದ ಹೊರಗೆ ಕಾಲಿಡುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಸ್ಟುಡಿಯೋ ಇಟ್ಟಿದ್ದಾಗ ಜನ ಸ್ಟುಡಿಯೋದವರು ಎಂದರು, ಸ್ಟುಡಿಯೋ ಮುಚ್ಚಿ ಡ್ರೋನ್ ತಂದ ಮೇಲೆ ಡ್ರೋನಣ್ಣ ಎಂದರು, ಎರಡಕ್ಕೂ ಅವನು ಓಗೊಟ್ಟ. ಕರೆದವರಿಗೆ ಓಗೊಡುವುದು, ಹೇಳಿದ ಕಡೆ ನಿಲ್ಲುವುದು, ಕೊಟ್ಟಷ್ಟು ಇಸಿದುಕೊಳ್ಳುವುದು, ಮನೆಗೆ ಬಂದು ಬೈಯುವುದು. ಐವತ್ತು ವರ್ಷದ ಬಾಳನ್ನು ಅವನು ಹೀಗೇ ಸವೆಸಿದ್ದ.

ಬೈಗುಳವೆಲ್ಲ ಗಿರಾಕಿಗಳಿಗೆ ಮೀಸಲು. “ಊಟಕ್ಕೆ ಸುರೀತಾರೆ, ಬಟ್ಟೆಗೆ ಸುರೀತಾರೆ, ಬಾಗಿಲಿಗೆ ಹೂವಿನ ಕಮಾನು ಕಟ್ಟಿಸೋಕೆ ಸುರೀತಾರೆ. ಫೋಟೋದವನಿಗೆ ಕೊಡೋ ಹೊತ್ತಿಗೆ ಮಾತ್ರ ಇವರ ಕೈಗೆ ಲಕ್ವ ಹೊಡೆಯುತ್ತೆ” ಎಂದು ಅವನು ಶೂ ಬಿಚ್ಚುತ್ತಲೇ ಶುರು ಮಾಡಿದರೆ, ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ತಲೆ ಎತ್ತದೆ “ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಬಡಿಸ್ತೀನಿ” ಎನ್ನುತ್ತಿದ್ದಳು. ಅವಳು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಗಂಡನ ಗೊಣಗಾಟ ಅವಳ ಕಿವಿಯಲ್ಲಿ ಯಂತ್ರದ ಸದ್ದಿನ ಜತೆ ಎಂದೋ ಬೆರೆತುಹೋಗಿತ್ತು.

ಅವನ ಸಿಟ್ಟಿನಲ್ಲಿ ನ್ಯಾಯವೇ ಇರಲಿಲ್ಲ ಎನ್ನುವಂತಿಲ್ಲ. ಡ್ರೋನ್ ಹಾರುವುದು ಒಂದು ಬ್ಯಾಟರಿಗೆ ಇಪ್ಪತ್ತು ನಿಮಿಷ, ನೋಡುವವರ ಲೆಕ್ಕದಲ್ಲಿ ಅದು ಇಪ್ಪತ್ತು ನಿಮಿಷದ ಕೆಲಸ. ಅದಕ್ಕೂ ಮುಂಚೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅನುಮತಿಗೆ ಕಾದದ್ದು, ವಿಮೆ ಕಟ್ಟಿದ್ದು, ಹಿಂದಿನ ದಿನವೇ ಹೋಗಿ ತಂತಿ ಎಲ್ಲಿದೆ, ಮರ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಎಂದು ನೋಡಿ ಬಂದದ್ದು, ಆಮೇಲೆ ಕಂಪ್ಯೂಟರಿನ ಮುಂದೆ ಕಣ್ಣು ಉರಿಯುವ ತನಕ ಕೂತು ಕತ್ತರಿಸಿ ಜೋಡಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಟುಡಿಯೋದ ಲೈಟು, ಕ್ಯಾಮೆರಾ, ಅಂಗಡಿಯ ಅಡ್ವಾನ್ಸು ಎಲ್ಲವನ್ನೂ ಕರಗಿಸಿ ಕೊಂಡ ವಸ್ತು, ನಾಲ್ಕು ಪ್ಲಾಸ್ಟಿಕ್ ರೆಕ್ಕೆಗಳನ್ನು ನಂಬಿಕೊಂಡು ಜನರ ತಲೆಯ ಮೇಲೆ ನಿಂತಿರುವಾಗ ಆಗುವ ಆತಂಕಕ್ಕಂತೂ ಯಾವ ಬಿಲ್ಲಿನಲ್ಲೂ ಜಾಗವಿಲ್ಲ.

ಹಾಗಾದರೆ ಗಟ್ಟಿಯಾಗಿ ಬಾಯಿ ಬಿಟ್ಟು ರೇಟು ಕೇಳಬಾರದಿತ್ತೇ? ತೊಡಕು ಇದ್ದದ್ದೇ ಅಲ್ಲಿ. ದುಡ್ಡಿನ ಮಾತು ಬಂದರೆ ಡ್ರೋನಣ್ಣನ ನಾಲಿಗೆ ಹೊರಳುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಈ ಕಷ್ಟವಿರಲಿಲ್ಲ. ಗೋಡೆಯ ಮೇಲೆ ಬೋರ್ಡಿತ್ತು, ಬೋರ್ಡಿನ ಮೇಲೆ ಪಾಸ್‌ಪೋರ್ಟ್ ಸೈಜಿಗೆ ಇಷ್ಟು, ಕುಟುಂಬದ ಫೋಟೋಗೆ ಇಷ್ಟು, ಫ್ರೇಮ್ ಹಾಕಿದರೆ ಇಷ್ಟು ಎಂದು ಬರೆಸಿತ್ತು. ಜನ ಓದಿಕೊಂಡು ದುಡ್ಡು ಮೇಜಿನ ಮೇಲೆ ಇಡುತ್ತಿದ್ದರು, ಅವನು ಡ್ರಾಯರಿಗೆ ಹಾಕುತ್ತಿದ್ದ, ಬಾಯಿಗೆ ಕೆಲಸವೇ ಇರಲಿಲ್ಲ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದು ಸ್ಟುಡಿಯೋ ನೆಲಕಚ್ಚಿದಾಗ ಬೋರ್ಡಿನ ಜತೆ ಗೋಡೆಯೂ ಹೋಯಿತು. ಆಕಾಶದಲ್ಲಿ ಬೋರ್ಡು ನೇತುಹಾಕುವುದಕ್ಕೆ ಮೊಳೆ ಹೊಡೆಯುವುದು ಎಲ್ಲಿ? ಡ್ರೋನಿನ ಮೊದಲ ಗಿರಾಕಿ “ಎಷ್ಟಾಗುತ್ತೆ?” ಎಂದಾಗ ಅವನು ನೆಲ ನೋಡಿ, ಗಂಟಲು ಸರಿಮಾಡಿಕೊಂಡು, “ನೀವೇ ನೋಡಿ ಕೊಡಿ” ಎಂದ. ಅವರು ನೋಡಿ ಕೊಟ್ಟದ್ದು ವ್ಯಾನಿನ ಡೀಸೆಲ್ಲಿಗೆ ಸರಿಹೋಯಿತು.

ಆಗಲೇ ಬಾಮೈದ ನಡುವೆ ಬಂದದ್ದು. ಹೆಂಡತಿಯ ಸ್ವಂತ ತಮ್ಮ. ಕಾನೂನು ಕಾಲೇಜಿಗೆ ಒಂದು ವರ್ಷ ಹೋಗಿ ಬಿಟ್ಟವನು. ಆ ಒಂದು ವರ್ಷದಿಂದ ದಕ್ಕಿದ್ದು ಲಾಯರ್ ಎಂಬ ಅಡ್ಡಹೆಸರು ಮಾತ್ರ. ಕೆಲಸ ಯಾವುದೂ ಕೈಹತ್ತಿರಲಿಲ್ಲ, ಆದರೆ ಮಾತು ಅರಳು ಹುರಿದಂತೆ. “ಭಾವ, ನೀವು ಹಾರಿಸಿ, ನಾನು ಮಾತಾಡ್ತೀನಿ. ಕಲಾವಿದರ ಬಾಯಲ್ಲಿ ದುಡ್ಡಿನ ವಿಷಯ ಬರಬಾರದು. ಬಂದ್ರೆ ಅಲ್ಲೇ ರೇಟು ಬಿದ್ದುಹೋಗುತ್ತೆ” ಎಂದ. ಡ್ರೋನಣ್ಣನನ್ನು ಕಲಾವಿದ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವನು ಅಲ್ಲೇ ಕರಗಿಹೋದ.

ಅಂದಿನಿಂದ ವಿಸಿಟಿಂಗ್ ಕಾರ್ಡಿನ ಮೇಲೆ ನಂಬರು ಅಚ್ಚಾಗಿದ್ದ ಕೆಲಸದ ಫೋನು ಲಾಯರನ ಜೇಬಿನಲ್ಲಿ. ಮಾತುಕತೆ ಅವನದು, ವಸೂಲಿ ಅವನದು, ವ್ಯಾನು ಓಡಿಸುವವನೂ ಅವನೇ. ಹಾರಾಟದ ಹೊತ್ತಿನಲ್ಲಿ ಇನ್ನೊಂದು ಕೆಲಸವೂ ಇತ್ತು. ಡ್ರೋನ್ ಹಾರಿಸುವವನ ಕಣ್ಣು ರಿಮೋಟಿನ ಪರದೆಯಲ್ಲಿ ನೆಟ್ಟಿರುವುದರಿಂದ, ಪಕ್ಕದಲ್ಲಿ ಇನ್ನೊಬ್ಬ ನಿಂತು ಆಕಾಶದಿಂದ ಕಣ್ಣು ಕೀಳದೆ ನೋಡುತ್ತಿರಬೇಕು. ಹಕ್ಕಿ ಬಂತು, ತಂತಿ ಹತ್ತಿರವಾಯಿತು ಎಂದು ಎಚ್ಚರಿಸಬೇಕು. ಮೇಲೆ ನೋಡುವ ಆ ಕೆಲಸಕ್ಕೆ ಡ್ರೋನಣ್ಣ ತನ್ನ ಕೈಗೆ ಬಂದದ್ದರಲ್ಲೇ ಲಾಯರನಿಗೆ ದಿನಗೂಲಿ ಕೊಡುತ್ತಿದ್ದ. “ಬೇಡ ಭಾವ, ನಿಮಗೇ ಸಾಲದು” ಎಂದು ಲಾಯರ್ ಕೈ ಹಿಂದಕ್ಕೆ ಎಳೆದುಕೊಳ್ಳುವನು. “ಇಟ್ಕೋ ಮಾರಾಯ, ನಿನಗೂ ಸಂಸಾರ ಇದೆ” ಎಂದು ಇವನು ಒತ್ತಾಯದಿಂದ ಜೇಬಿಗೆ ತುರುಕುವನು. ಹಾಗೆ ತುರುಕಿದ ದಿನ ಡ್ರೋನಣ್ಣನಿಗೆ ತಾನು ದೊಡ್ಡ ಮನಸ್ಸಿನವನು ಅನ್ನಿಸಿ ಒಳ್ಳೆಯ ನಿದ್ದೆ ಬರುತ್ತಿತ್ತು.

ಪ್ರತಿ ಕೆಲಸದ ಮುನ್ನ ಲಾಯರ್ ತರುತ್ತಿದ್ದ ವರದಿ ಒಂದೇ ರಾಗದ್ದು. “ಹತ್ತಕ್ಕೇ ಕೂತಿದ್ರು ಭಾವ, ಹನ್ನೆರಡಕ್ಕೆ ಎಳೆಯೋಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯ್ತು.” ಇಲ್ಲವೇ, “ಬೇರೆಯವನು ಎಂಟಕ್ಕೇ ಬರ್ತಾನಂತೆ. ಕೈಕಾಲು ಹಿಡಿದು ಒಪ್ಪಿಸಿದ್ದೀನಿ.” ಸಾವಿರಗಳ ಈ ಹಗ್ಗಜಗ್ಗಾಟವನ್ನು ಕೇಳುತ್ತ ಕೇಳುತ್ತ ಡ್ರೋನಣ್ಣನ ಹೊಟ್ಟೆಯಲ್ಲಿ ಜನರ ಮೇಲೆ ಒಂದು ಹುಳಿ ಕಟ್ಟಿಕೊಂಡಿತು. ಕೆಲಸಕ್ಕೆ ಹೋದಲ್ಲಿ ಮುಖ ಗಂಟಿಕ್ಕಿಕೊಂಡೇ ನಿಲ್ಲುತ್ತಿದ್ದ. ಊಟಕ್ಕೆ ಕರೆದರೆ “ಬೇಡ, ಆಯ್ತು” ಎನ್ನುತ್ತಿದ್ದ. ಯಾರಾದರೂ ಪಾಪ, “ಮಕ್ಕಳದ್ದೊಂದು ಚಿಕ್ಕ ವಿಡಿಯೋ ತೆಗೀತೀರಾ” ಎಂದರೆ, “ಮಾತಾಡಿರೋದು ಅಷ್ಟೇ” ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಅವರು ಕಕ್ಕಾಬಿಕ್ಕಿಯಾಗಿ ಹಿಂದೆ ಸರಿಯುವರು. ಕೊಟ್ಟದ್ದು ಕಡಿಮೆಯಾದ್ದರಿಂದ ನಾಚಿಕೆಪಟ್ಟರು ಎಂದು ಇವನು ತಿಳಿಯುವನು.

ಆದಾಯ ಅಷ್ಟರಲ್ಲೇ ಇದ್ದದ್ದರಿಂದ ಬಹಳ ಸಂಗತಿಗಳು ಮುಂದಿನ ವರ್ಷಕ್ಕೆ ಹೋಗುತ್ತಿದ್ದವು. ಊದಿಕೊಂಡ ಬ್ಯಾಟರಿ ಬದಲಿಸುವುದು ಮುಂದಿನ ವರ್ಷ. ಚಾರ್ಜು ನಿಲ್ಲದ ರಿಮೋಟು ಮುಂದಿನ ವರ್ಷ. ಮಗಳ ಓದೂ ಮುಂದಿನ ವರ್ಷ. ಒಬ್ಬಳೇ ಮಗಳು, ಎಕ್ಸ್‌ರೇ ತೆಗೆಯುವ ಕೋರ್ಸು ಓದಬೇಕೆಂದು ಹಟ ಹಿಡಿದವಳು. “ನೀನು ಮೇಲಿಂದ ತೆಗಿ, ನಾನು ಒಳಗಿಂದ ತೆಗೀತೀನಿ” ಎಂದು ಅಪ್ಪನನ್ನು ನಗಿಸಿದವಳು. ಮುಂದಿನ ವರ್ಷ ಎಂದು ಎರಡು ವರ್ಷ ಕಳೆದಿದ್ದವು, ಅವಳು ಚಪ್ಪಲಿ ಅಂಗಡಿಯಲ್ಲಿ ಬಂದವರ ಪಾದಕ್ಕೆ ಅಳತೆ ಹಿಡಿಯುತ್ತ ದಿನವಿಡೀ ನಿಂತಿರುತ್ತಿದ್ದಳು. ಅಲ್ಲಿ ಕೆಲಸದವರು ಕೂರಬಾರದೆಂದು ನಿಯಮ. ಈ ಸಲ ಮಾತ್ರ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಫೀಸು ಕಟ್ಟಬೇಕಿತ್ತು. ಮೂವರೂ ಸೇರಿಸಿಟ್ಟ ಹಣಕ್ಕೆ ಇನ್ನೊಂದು ಒಳ್ಳೆಯ ಕೆಲಸದ ದುಡ್ಡು ಕೂಡಿದರೆ ಸಾಕು ಎನ್ನುವ ಹಂತಕ್ಕೆ ಬಂದು ನಿಂತಿತ್ತು.

ಆ ಕೆಲಸವೂ ಬಂತು. ಊರಾಚೆ ಹೊಸದಾಗಿ ಕಟ್ಟಿದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಉದ್ಘಾಟನೆ. ಕೆಲಸಗಾರರೆಲ್ಲ ಕೈ ಕೈ ಹಿಡಿದು ಕಟ್ಟಡವನ್ನು ಸುತ್ತುವರಿದು ನಿಲ್ಲುವುದು, ಮಾಲೀಕರ ವಯಸ್ಸಾದ ತಾಯಿ ಬಾಗಿಲಲ್ಲಿ ರಿಬ್ಬನ್ ಕತ್ತರಿಸುವುದು, ಅದೆಲ್ಲ ಮೇಲಿನಿಂದ ಒಂದೇ ಓಟದಲ್ಲಿ ಬರಬೇಕು. “ಹದಿನಾಲ್ಕು ಸಾವಿರಕ್ಕೆ ಮುಗಿಸಿದೆ ಭಾವ” ಎಂದ ಲಾಯರ್. “ದೊಡ್ಡ ಕಾರ್ಖಾನೆ, ಸಣ್ಣ ಮನಸ್ಸು. ಏನು ಮಾಡೋದು?” ಡ್ರೋನಣ್ಣ ಹಲ್ಲು ಕಡಿದ. ಆದರೂ ಹದಿನಾಲ್ಕಾದರೆ ಫೀಸಿಗೆ ಕೂಡುತ್ತದೆ ಎಂದು ಒಪ್ಪಿದ.

ಆ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಮೊದಲ ಬ್ಯಾಟರಿಯಲ್ಲಿ ಕಟ್ಟಡದ ನಾಲ್ಕೂ ಮಗ್ಗುಲು ಸೊಗಸಾಗಿ ಬಂದವು. ಎರಡನೆಯ ಬ್ಯಾಟರಿ ಹಾಕಿ ಮೇಲೆಬ್ಬಿಸುವಾಗ ಅವನ ಬೆರಳು ರಿಮೋಟಿನ ಮೂಲೆಯ ಕೆಂಪು ಗುಂಡಿಗೆ ತಾಗಿತು. ಒಮ್ಮೆ ಒತ್ತಿದರೆ ವಿಡಿಯೋ ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಇರುವುದು ಒಂದೇ ಗುಂಡಿ. ಶುರುವಾದಾಗ ಪರದೆಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಮಿನುಗುತ್ತದೆ, ರಿಮೋಟು ಕೀರಲು ದನಿಯಲ್ಲಿ ಒಮ್ಮೆ ಕೂಗುತ್ತದೆ. ಚಾರ್ಜು ನಿಲ್ಲದ ರಿಮೋಟೆಂದು ಪರದೆಯ ಬೆಳಕನ್ನು ತಗ್ಗಿಸಿಟ್ಟಿದ್ದ, ಆ ಬಿಸಿಲಿಗೆ ಚುಕ್ಕೆ ಕಾಣಲಿಲ್ಲ. ಹತ್ತಿರದಲ್ಲೇ ಜನರೇಟರ್ ಗಡಗಡ ಎನ್ನುತ್ತಿತ್ತು, ಕೂಗು ಕೇಳಿಸಲಿಲ್ಲ. ಅಲ್ಲಿಗೆ ಎಲ್ಲ ತಲೆಕೆಳಗಾಯಿತು. ತಾಯಿ ಕತ್ತರಿ ಹಿಡಿದಾಗ ಅವನು ಶುರು ಎಂದು ಒತ್ತಿದ, ಅದು ನಿಂತಿತು. ಚಪ್ಪಾಳೆ ಮುಗಿದಾಗ ನಿಲ್ಲಲಿ ಎಂದು ಒತ್ತಿದ, ಅದು ಶುರುವಾಯಿತು. ತೆಗೆದೆ ಎಂದುಕೊಂಡದ್ದು ಒಂದೂ ಬರಲಿಲ್ಲ, ತೆಗೆಯುತ್ತಿಲ್ಲ ಎಂದುಕೊಂಡದ್ದೆಲ್ಲ ಬಂತು.

ಇದು ಗೊತ್ತಾದದ್ದು ಮರುದಿನ ಮಧ್ಯಾಹ್ನ. ಎರಡು ಕೋಣೆಯ ಮನೆ, ಹೊರಗಿನ ಕೋಣೆಯಲ್ಲಿ ಕಿಟಕಿಗೆ ಒಂದು ಕಡೆ ಅವನ ಕಂಪ್ಯೂಟರು, ಇನ್ನೊಂದು ಕಡೆ ಹೆಂಡತಿಯ ಹೊಲಿಗೆ ಯಂತ್ರ. ಪರದೆಯ ಮೇಲೆ ಡ್ರೋನ್ ಮೇಲೇಳುವುದು ಕಂಡಿತು, ತನ್ನದೇ ಶೂ, ಹುಲ್ಲು, ಕಾಯುತ್ತಿರುವ ಜನ. ಮಾಲೀಕರ ತಾಯಿಯ ಕೈಗೆ ಕತ್ತರಿ ಬರುವ ಹೊತ್ತಿಗೆ ತುಣುಕು ಮುಗಿಯಿತು. ಮುಂದಿನ ತುಣುಕಿನಲ್ಲಿ ಕತ್ತರಿಸಿದ ರಿಬ್ಬನ್ ನೆಲದ ಮೇಲಿತ್ತು. ಬೇರೆ ಮೆಮೊರಿ ಕಾರ್ಡು ಹಾಕಿ ನೋಡಿದ, ಮೊದಲಿನದನ್ನೇ ಮತ್ತೆ ಹಾಕಿ ನೋಡಿದ, ತಲೆಯ ಮೇಲೆ ಕೈ ಹೊತ್ತು ಕೂತ. ಎಲ್ಲಾದರೂ ಒಂದು ಚೂರು ಸಿಕ್ಕೀತೆಂದು ಉಳಿದದ್ದನ್ನು ಓಡಿಸುತ್ತಲೇ ಇದ್ದ.

ಹಾಗೆ ಓಡಿಸುವಾಗ ಲಾಯರ್ ಕಂಡ. ಅತಿಥಿಗಳು ಹಿತ್ತಲ ಶಾಮಿಯಾನದ ಕಡೆ ನಡೆಯುತ್ತಿದ್ದರು. ಡ್ರೋನಣ್ಣ ಆಗ ಕ್ಯಾಮೆರಾವನ್ನು ನೇರ ಕೆಳಕ್ಕೆ ಬಗ್ಗಿಸಿ, ಅಂಗಳ ಖಾಲಿಯಾಗುವುದನ್ನು ಕಾಯುತ್ತಿದ್ದ. ಪರದೆಯ ಮೇಲೆ ತಲೆಗಳು, ಭುಜಗಳು, ಕುಳ್ಳಗಿನ ನೆರಳುಗಳು. ಕಾರ್ಖಾನೆಯ ಅಕೌಂಟೆಂಟ್ ಬಂದು ಲಾಯರನ ಕೈಗೆ ದಪ್ಪ ಕವರ್ ಒಂದನ್ನು ಕೊಟ್ಟ, ಕೈ ಕುಲುಕಿ ಹೋದ. ಲಾಯರ್ ವ್ಯಾನಿನ ಹಿಂದೆ ಸರಿದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಹಿಂದೆಯೂ ತಿರುಗಿ ನೋಡಿದ. ಕವರ್ ಬಿಚ್ಚಿ ಎಣಿಸಿದ, ಎರಡು ಪಾಲು ಮಾಡಿದ. ಒಂದು ಪಾಲು ಮತ್ತೆ ಕವರಿಗೆ ಹೋಯಿತು. ಇನ್ನೊಂದು, ಜಾಕೆಟ್ಟಿನ ಗುಂಡಿ ಬಿಚ್ಚಿ, ಎದೆಯ ಹತ್ತಿರದ ಒಳಜೇಬಿಗೆ. ಅರವತ್ತು ಅಡಿ ಮೇಲೆ ಡ್ರೋನ್ ನಿಂತೇ ಇತ್ತು. ಮೇಲೆ ನೋಡುವುದಕ್ಕೆಂದೇ ಕೂಲಿ ತೆಗೆದುಕೊಳ್ಳುವ ಮನುಷ್ಯ ಮೇಲೊಂದನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದ್ದ.

“ಇಲ್ಲಿ ಬಾ” ಎಂದ ಡ್ರೋನಣ್ಣ.

ಹೆಂಡತಿ ದಾರ ಕಚ್ಚಿ ಕಡಿದು ಎದ್ದು ಬಂದಳು. ತಮ್ಮನ ನಡುನೆತ್ತಿಯ ಬೋಳನ್ನು ಗುರುತಿಸಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ. ಎರಡು ಸಲ ನೋಡಿದಳು. “ಅವನ ಸ್ವಂತದ್ದೇ ದುಡ್ಡಿರಬಹುದು ರೀ. ಇದರಲ್ಲಿ ಏನು ಗೊತ್ತಾಗುತ್ತೆ, ಬರೀ ತಲೆ ಕಾಣ್ತಿದೆ” ಎಂದು ಹೇಳಿ ಹೋಗಿ ಕೂತಳು. ಯಂತ್ರ ತಿರುಗುವುದಕ್ಕೆ ತುಸು ಹೊತ್ತಾಯಿತು.

ಡ್ರೋನಣ್ಣ ಲಾಯರನಿಗೆ ಸುದ್ದಿ ಮುಟ್ಟಿಸಲಿಲ್ಲ. ಒಬ್ಬನೇ ವ್ಯಾನು ಹತ್ತಿ ಕಾರ್ಖಾನೆಗೆ ಹೋದ. ವಿಡಿಯೋ ಬಂದಿಲ್ಲ ಎಂದು ಯಾರಾದರೂ ಹೇಳಲೇಬೇಕಿತ್ತು. ಗಿರಾಕಿಯ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ. ಅಂಟಿನ ವಾಸನೆ, ಮೇಜಿನ ತುಂಬ ರಟ್ಟಿನ ಚೂರುಗಳು, ಗೋಡೆಯ ಪಕ್ಕ ಅದೇ ಅಕೌಂಟೆಂಟ್. ಮಾಲೀಕರು ಕೂಗಾಡುವ ಪೈಕಿಯಲ್ಲ. ಗುಂಡಿಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇನ್ನೊಂದ್ಸಲ ಕತ್ತರಿಸೋಣ ಅಂದ್ರೆ, ನಮ್ಮಮ್ಮ ಹಾಸಿಗೆಯಿಂದ ಎದ್ದು ಬಂದಿದ್ದೇ ದೊಡ್ಡದು. ನಿನ್ನೆ ಸಂಜೆಯಿಂದ ಮತ್ತೆ ಮಲಗಿದ್ದಾರೆ.”

“ತಪ್ಪಾಯ್ತು ಸಾರ್.”

“ನೋಡಿ, ನಿಮ್ಮ ಕಡೆಯವನು ಒಂದು ಪೈಸೆ ಬಿಡಲಿಲ್ಲ. ನಮ್ಮ ಭಾವ ದೊಡ್ಡ ಕಲಾವಿದರು, ಇಪ್ಪತ್ತೆಂಟಕ್ಕೆ ಕಡಿಮೆ ಬರಲ್ಲ ಅಂದ. ನಮ್ಮ ಅಕೌಂಟೆಂಟ್ ಜಾಸ್ತಿ ಆಯ್ತು ಅಂದ್ರು. ನಾನೇ ಹೇಳ್ದೆ, ಒಳ್ಳೆ ಕೆಲಸಗಾರನಿಗೆ ಒಳ್ಳೆ ರೇಟು ಇದ್ದೇ ಇರುತ್ತೆ, ಚೌಕಾಸಿ ಮಾಡಬೇಡಿ ಅಂತ. ಈಗ ನನ್ನ ಇಪ್ಪತ್ತೆಂಟು ಸಾವಿರ ನನಗೆ ವಾಪಸ್ ಕೊಡಿ. ಬೇರೆ ಏನೂ ಮಾತು ಬೇಡ.”

ಒಳ್ಳೆ ಕೆಲಸಗಾರನಿಗೆ ಒಳ್ಳೆ ರೇಟು. ಯಾರಾದರೊಬ್ಬರು ಹೀಗೆ ಹೇಳಲಿ ಎಂದು ಅವನು ಇಡೀ ಆಯುಸ್ಸು ಕಾದಿದ್ದ. ಹೇಳುವವರು ಸಿಕ್ಕಿದ್ದು ಇಂಥ ಹೊತ್ತಿನಲ್ಲಿ. ನನಗೆ ಮುಟ್ಟಿದ್ದು ಹದಿನಾಲ್ಕೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಕಳ್ಳನ ನೆಪದಂತೆ ಕೇಳಿಸುತ್ತದೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಬೆಲೆ ಎಷ್ಟೆಂದು ತನಗೇ ಗೊತ್ತಿಲ್ಲ ಎಂದು ಇಬ್ಬರ ಮುಂದೆ ಒಪ್ಪಿಕೊಳ್ಳುವುದು ಅವನಿಂದ ಆಗಲಿಲ್ಲ. “ಕೊಡ್ತೀನಿ ಸಾರ್” ಎಂದು ಎದ್ದ. ಬಾಗಿಲವರೆಗೆ ಬಂದ ಅಕೌಂಟೆಂಟ್ ತಗ್ಗಿದ ದನಿಯಲ್ಲಿ, “ಹೋದ ವರ್ಷ ನಮ್ಮ ತಮ್ಮನ ಹೋಟೆಲಿಗೂ ನೀವೇ ಮಾಡಿದ್ರಿ. ಅವನೂ ಇಷ್ಟೇ ಕೊಟ್ಟಿದ್ದ. ಕೆಲಸ ಚೆನ್ನಾಗಿತ್ತು, ಆದ್ರೆ ನೀವು ಮಾತ್ರ ಯಾಕೋ ಸಿಡಿಮಿಡಿ ಅಂತಿದ್ರಂತೆ” ಎಂದ.

ವ್ಯಾನಿನಲ್ಲಿ ಕೂತವನಿಗೆ ಆ ಹೋಟೆಲು ನೆನಪಾಯಿತು. ಮಾಲೀಕ ಓಡಿಬಂದು ಕಾಫಿ ಕೊಟ್ಟಿದ್ದ, ಇವನು ಕುಡಿಯದೆ ಗೋಡೆಯ ಮೇಲಿಟ್ಟು ಬಂದಿದ್ದ. ಮದುವೆ ಮನೆಯೊಂದರಲ್ಲಿ ಹುಡುಗಿಯ ಅಪ್ಪ ಎರಡೂ ಕೈ ಹಿಡಿದು ಧನ್ಯವಾದ ಹೇಳಿದಾಗ ಇವನು ಬೇಕೆಂದೇ ಕೈ ಬಿಡಿಸಿಕೊಂಡಿದ್ದ. ಅವರೆಲ್ಲ ತುಂಬು ರೇಟು ಕೊಟ್ಟವರು. ಕೊಟ್ಟವರ ಮೇಲೆಯೇ ಅವನು ಇಷ್ಟು ವರ್ಷ ಹಲ್ಲು ಕಡಿದಿದ್ದ.

ಮನೆಗೆ ಬಂದು ಅವನು ಕೂಗಲಿಲ್ಲ, ಬೈಯಲೂ ಇಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತ. “ಇಪ್ಪತ್ತೆಂಟು ಕೊಟ್ಟಿದ್ದಾರೆ” ಎಂದ. ಹೆಂಡತಿ ಪೆಡಲಿನಿಂದ ಕಾಲು ತೆಗೆದಳು.

“ಅವನ ಜಾಕೆಟ್ಟಿಗೆ ಒಳಜೇಬು ಹೊಲಿದು ಕೊಟ್ಟವಳು ನೀನೇ ಅಲ್ವಾ?”

“ಕೇಳ್ದ, ಹೊಲಿದೆ. ತಮ್ಮ ಅಲ್ವಾ.”

“ಯಾಕೆ ಅಂತ ಕೇಳಲಿಲ್ಲವಾ?”

ಅವಳು ಬಟ್ಟೆಯ ಅಂಚನ್ನು ಉಗುರಿನಿಂದ ತೀಡುತ್ತ ಕೂತಳು. ಆಮೇಲೆ, “ಸ್ವಲ್ಪ ಇಟ್ಕೋತಾನೆ ಅಂತ ಗೊತ್ತಿತ್ತು ರೀ. ಅರ್ಧ ಅಂತ ಗೊತ್ತಿರಲಿಲ್ಲ” ಎಂದಳು.

ಇಷ್ಟು ವರ್ಷ ಎದುರಿಗೇ ಕೂತು ತನ್ನ ಬೈಗುಳ ಕೇಳಿಸಿಕೊಂಡವಳು. ತಾನು ಗಿರಾಕಿಗಳನ್ನು ಜಾಲಾಡುವಾಗ ಇವಳು ತಲೆ ಎತ್ತದೆ ಇದ್ದದ್ದು ಕೆಲಸದ ಗಡಿಬಿಡಿಗಲ್ಲ ಎಂದು ಡ್ರೋನಣ್ಣನಿಗೆ ಆಗ ತಿಳಿಯಿತು. ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅಸಹ್ಯವಾಯಿತು. ಅಸಹ್ಯ ಸಿಟ್ಟಿನಷ್ಟು ಬೇಗ ಇಳಿಯುವಂಥದ್ದಲ್ಲ, ಅವರಿಬ್ಬರ ನಡುವೆ ಅದು ಇಂದಿಗೂ ಇಳಿದಿಲ್ಲ.

ಲಾಯರ್ ಸಿಕ್ಕಿದ್ದು ಅವನ ಮನೆಯ ಮಹಡಿಯಲ್ಲಿ. ಹೋದ ವರ್ಷ ಕಟ್ಟಿಸಿದ ಮಹಡಿ. ಬಾಮೈದ ಮೇಲಕ್ಕೆ ಬಂದನಲ್ಲ ಎಂಬ ಸಂತೋಷಕ್ಕೆ ಡ್ರೋನಣ್ಣನೇ ಅದರ ಸುತ್ತ ಡ್ರೋನ್ ಹಾರಿಸಿ ಪುಕ್ಕಟೆ ವಿಡಿಯೋ ಮಾಡಿಕೊಟ್ಟಿದ್ದ. ಲಾಯರ್ ವಿಷಯ ಕೇಳಿ ಬೆಚ್ಚಲಿಲ್ಲ. ಕುರ್ಚಿ ಎಳೆದು ಹಾಕಿದ, ಒಳಗೆ ನೋಡಿ ಎರಡು ಟೀ ಎಂದ.

“ಭಾವ, ಸಮಾಧಾನವಾಗಿ ಯೋಚನೆ ಮಾಡಿ. ನಾನು ಬರೋಕೆ ಮುಂಚೆ ನಿಮ್ಮ ರೇಟು ಎಷ್ಟಿತ್ತು? ನೀವೇ ನೋಡಿ ಕೊಡಿ, ಅಷ್ಟೇ ಅಲ್ವಾ? ಇಪ್ಪತ್ತೆಂಟು ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳೋ ಗುಂಡಿಗೆ ನಂದು. ಹಾರಿಸೋದು ನೀವು, ಮಾರೋದು ನಾನು. ಅರ್ಧ ಅರ್ಧ.”

“ಹಾಗಂತ ನನಗೆ ಹೇಳಬಹುದಿತ್ತು.”

“ಹೇಳಿದ್ರೆ ಕೊಡ್ತಿದ್ರಾ?”

ಕೊಡುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. “ಅರ್ಧ ನಿಂದಾದ್ಮೇಲೆ ನನ್ನ ಅರ್ಧದಲ್ಲಿ ಕೂಲಿ ಯಾಕೆ ಇಸ್ಕೋತಿದ್ದೆ?” ಎಂದ ಡ್ರೋನಣ್ಣ.

“ನಾನು ಬೇಡ ಅಂತಾನೇ ಇದ್ನಲ್ಲ ಭಾವ. ನೀವೇ ಜೇಬಿಗೆ ತುರುಕ್ತಿದ್ರಿ” ಎಂದ ಲಾಯರ್. ಅದೂ ನಿಜವೇ.

“ಆಯ್ತು. ಮಾಲೀಕರಿಗೆ ವಾಪಸ್ ಕೊಡಬೇಕು. ನಿನ್ನ ಹದಿನಾಲ್ಕು ಕೊಡು. ನಿನ್ನ ಅಕ್ಕನ ಮಗಳ ಫೀಸಿಗೆ ನಾಲ್ಕೇ ದಿನ ಇದೆ.”

“ಗುಂಡಿ ತಪ್ಪಾಗಿ ಒತ್ತಿದ್ದು ನಾನಲ್ಲವಲ್ಲ ಭಾವ” ಎಂದು ಲಾಯರ್ ಟೀ ಮುಂದಕ್ಕೆ ತಳ್ಳಿದ. “ಆದ್ರೂ ಮಗು ವಿಷಯ ಅಂತೀರಿ. ಮುಂದಿನ ತಿಂಗಳು ನೋಡೋಣ. ಈಗ ಕೈಯಲ್ಲಿ ಬಿಡಿಗಾಸಿಲ್ಲ, ಎಲ್ಲ ಈ ಮಹಡಿಯ ಸಾಲಕ್ಕೆ ಕಟ್ಟಿದ್ದೀನಿ.”

ಡ್ರೋನಣ್ಣನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಕೈ ಮುಂದಕ್ಕೆ ಹೋದದ್ದು ಮೇಜಿನ ಮೇಲಿದ್ದ ಕೆಲಸದ ಫೋನಿನ ಕಡೆಗೆ. ಅದನ್ನೆತ್ತಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಲಾಯರ್ ತಡೆಯಲಿಲ್ಲ. “ನೀವು ಮಾತಾಡೋದು ನಾನೂ ನೋಡ್ತೀನಿ ಭಾವ” ಎಂದು ಮೇಲಿನಿಂದಲೇ ಹೇಳಿದ.

ಹೆಂಡತಿ ಒಮ್ಮೆ ತಮ್ಮನ ಮನೆಗೆ ಹೋಗಿ ಅತ್ತು ಬಂದಳು. ಅವಳಿಗೂ ಮುಂದಿನ ತಿಂಗಳು ಎಂಬ ಉತ್ತರವೇ ಸಿಕ್ಕಿತು. ಕಾರ್ಖಾನೆಯ ಅಕೌಂಟೆಂಟ್ ಎರಡು ಸಲ ಫೋನ್ ಮಾಡಿದ, ಮೂರನೆಯ ಸಲ ಪೊಲೀಸಿನ ಮಾತು ತೆಗೆದ. ಕೈಯಲ್ಲಿದ್ದ ಹದಿನಾಲ್ಕರ ಜತೆಗೆ ಮಗಳ ಫೀಸಿಗೆಂದು ಇಟ್ಟದ್ದರಿಂದ ಇನ್ನು ಹದಿನಾಲ್ಕು ತೆಗೆದು ಡ್ರೋನಣ್ಣ ಕೊಟ್ಟು ಬಂದ. ತನಗೆ ಬಾರದ ದುಡ್ಡನ್ನು ತಾನು ಹಿಂತಿರುಗಿಸಿದ. ಮಾಲೀಕರು ರಸೀದಿಗೆ ಸಹಿ ಹಾಕಿಸಿಕೊಂಡು, ತಾಯಿಗೆ ಸ್ವಲ್ಪ ವಾಸಿ ಎಂದರು.

ಮಗಳಿಗೆ ವಿಷಯವನ್ನೆಲ್ಲ ಹೇಳಿದವಳು ತಾಯಿ. ತಮ್ಮನ ಪಾಲನ್ನು ಎಷ್ಟು ಹೇಳಿದಳೋ, ಒಳಜೇಬಿನ ವಿಷಯ ಹೇಳಿದಳೋ ಇಲ್ಲವೋ, ಡ್ರೋನಣ್ಣ ಕೇಳಲಿಲ್ಲ. ಮಗಳು ಅಳುತ್ತಾಳೆ, ಜಗಳ ತೆಗೆಯುತ್ತಾಳೆ ಎಂದು ಅವನು ಕಾದ. ಅವಳು “ಸರಿ” ಎಂದಳು. ತಿಂಗಳ ಕೊನೆಯ ದಿನ ಎಂದಿನ ಹೊತ್ತಿಗೇ ಡಬ್ಬಿ ಕಟ್ಟಿಕೊಂಡು ಚಪ್ಪಲಿ ಅಂಗಡಿಗೆ ಹೋದಳು.

ಕೆಲಸದ ಫೋನು ಕೆಲವು ದಿನ ಸುಮ್ಮನೆ ಬಿದ್ದಿತ್ತು. ಒಂದು ಸಂಜೆ ಮೊಳಗಿತು. ಮಗಳು ಆಗಷ್ಟೇ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ದಿನವಿಡೀ ನಿಂತ ಕಾಲು, ಹಿಮ್ಮಡಿ ಊದಿ ಕೆಂಪಾಗಿತ್ತು. ಡ್ರೋನಣ್ಣ ಫೋನಿನ ಕಡೆ ನೋಡುತ್ತ ನಿಂತ.

“ತಗೋ ಅಪ್ಪ” ಎಂದಳು ಮಗಳು.

ತೆಗೆದ. ಹೆಂಗಸಿನ ದನಿ. ಹೊಸ ಈಜುಕೊಳ ಮಾಡಿಸಿದ್ದೇವೆ, ಜಾಹೀರಾತಿಗೆ ಮೇಲಿನಿಂದ ವಿಡಿಯೋ ಬೇಕು, ಹೋಟೆಲಿನವರು ನಿಮ್ಮ ನಂಬರು ಕೊಟ್ಟರು ಎಂದರು. ಆಮೇಲೆ ಆ ಮಾತು ಬಂತು.

“ಎಷ್ಟಾಗುತ್ತೆ?”

ಇನ್ನು ಅವರು ನಗುತ್ತಾರೆ, ಹತ್ತಕ್ಕೆ ಬರುವವರಿದ್ದಾರೆ ಎನ್ನುತ್ತಾರೆ, ಇಪ್ಪತ್ತು ನಿಮಿಷಕ್ಕೆ ಇಷ್ಟೇ ಎನ್ನುತ್ತಾರೆ. ಲಾಯರನ ಬಾಯಿಂದ ಕೇಳಿದ ಹಗ್ಗಜಗ್ಗಾಟವೆಲ್ಲ ಒಟ್ಟಿಗೆ ಕಿವಿಯಲ್ಲಿ ತುಂಬಿತು. ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡು, “ಇಪ್ಪತ್ತೆಂಟು ಸಾವಿರ” ಎಂದ.

“ಆಯ್ತು. ಅಡ್ವಾನ್ಸ್ ಇದೇ ನಂಬರಿಗೆ ಹಾಕ್ಲಾ?”

“ಹಾಕಿ ಮೇಡಂ.”

“ಭಾನುವಾರ ಬೆಳಿಗ್ಗೆ ಬನ್ನಿ” ಎಂದು ಆಕೆ ಫೋನಿಟ್ಟರು. ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತ್ತು. ಡ್ರೋನಣ್ಣ ಫೋನು ಕಿವಿಯಿಂದ ತೆಗೆಯುವುದನ್ನೇ ಮರೆತು ನಿಂತಿದ್ದ.

“ಅಷ್ಟೇನಾ ಅಪ್ಪ?” ಎಂದಳು ಮಗಳು.

“ಅಷ್ಟೇ.”

ಅವಳು ಬಕೆಟ್ಟಿನಿಂದ ಒಂದು ಕಾಲು ಎತ್ತಿ, ಟವೆಲಿನಲ್ಲಿ ಒರೆಸಿಕೊಂಡಳು. ಇನ್ನೊಂದನ್ನು ಎತ್ತಿದಳು.

“ಇಷ್ಟು ಹೇಳೋಕೆ ನಿನಗೆ ಆಗಲಿಲ್ಲ ಅಂತ ನಾನು ಎರಡು ವರ್ಷ ನಿಂತಿದ್ದೆ” ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಕೆಟ್ಟು ಎತ್ತಿಕೊಂಡು ನೀರು ಚೆಲ್ಲಲು ಒಳಗೆ ಹೋದಳು.